ಲಿಂಬು ಸೋಡಾ ಕುಡಿದ ಕ್ರಾಸ್‌ಫೇಡರ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು. ಡಿಜೆ ಸಾಮಾನಿನ ಮೇಲೆ ಏನೋ ಚೆಲ್ಲಿತು, ಈಗೇನು ಮಾಡೋದು? ಗಣಪತಿ ಹಬ್ಬ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು. ದಾವಣಗೆರೆಯಲ್ಲಿ ಆಂಪ್ಲಿಫೈಯರ್, ಮಿಕ್ಸರ್ ರಿಪೇರಿ ಮಾಡುತ್ತಾ ನನ್ನ ಅರ್ಧ ಆಯಸ್ಸು ಕಳೆದಿದೆ. ಈಗ ಮುಚ್ಚಳ ಬಿಚ್ಚಿದ ಕೂಡಲೇ ವಾಸನೆಯಲ್ಲೇ ಹೇಳಿಬಿಡುತ್ತೇನೆ, ಒಳಗೆ ಬಿದ್ದದ್ದು ಬಾದಾಮಿ ಹಾಲೋ, ಬಿಯರೋ ಅಂತ. ಮಿಕ್ಸರ್ ಅಂದರೆ ಇಲ್ಲಿ ಹಾಡು ಬೆರೆಸೋದು, ಚಟ್ನಿ ರುಬ್ಬೋದಲ್ಲ. ಹೋದ ತಿಂಗಳು ಒಬ್ಬರು ಮಿಕ್ಸಿ ಜಾರ್ ಬಗ್ಗೆ ಕೇಳಿದ್ದರು, ಅದಕ್ಕೆ ಹೇಳಿದೆ. ಕಂಟ್ರೋಲರ್ ಅಂದರೆ ಲ್ಯಾಪ್‌ಟಾಪಿನಲ್ಲಿರುವ ಹಾಡುಗಳನ್ನು ಕೈಯಲ್ಲಿ ಆಡಿಸುವ ಬಟನ್ ಪೆಟ್ಟಿಗೆ. ಫೇಡರ್ ಅಂದರೆ ಸದ್ದು ಏರಿಸಿ ಇಳಿಸಲು ಸರಿಸುವ ಗುಂಡಿ, ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವ ಫೇಡರ್‌ಗೆ ಕ್ರಾಸ್‌ಫೇಡರ್ ಅಂತಾರೆ.

ಅಣ್ಣಾ, ನಮ್ಮದು ಚಿಕ್ಕ ಸೆಟಪ್. ಒಂದು ಕಂಟ್ರೋಲರ್, ಲ್ಯಾಪ್‌ಟಾಪ್, ಎರಡು ಟಾಪ್, ಎರಡು ಬೇಸ್ ಸ್ಪೀಕರ್. ಮೊನ್ನೆ ಒಂದು ರಿಸೆಪ್ಷನ್‌ನಲ್ಲಿ ಮದುಮಗನ ಗೆಳೆಯ ಹಾಡು ಕೇಳೋಕೆ ಬಂದವನು ಕೈಯಲ್ಲಿದ್ದ ಲಿಂಬು ಸೋಡಾ ಕಂಟ್ರೋಲರ್ ಮೇಲೆ ಚೆಲ್ಲಿಬಿಟ್ಟ. ತಕ್ಷಣ ಗೋಡೆ ಪ್ಲಗ್ ಕಿತ್ತೆ. ಟವೆಲ್‌ನಲ್ಲಿ ಒರೆಸಿ ಹತ್ತು ನಿಮಿಷ ಬಿಟ್ಟು ನೋಡಿದ್ರೆ ಚೆನ್ನಾಗೇ ನಡೀತು. ಪ್ರೋಗ್ರಾಂ ಮುಗಿಸಿಕೊಟ್ಟೆ. ಮಾರನೇ ದಿನ ಕ್ರಾಸ್‌ಫೇಡರ್ ಬಿಗಿ, ಪ್ಲೇ ಬಟನ್ ಒಂದ್ಸಲ ಒತ್ತಿದ್ರೆ ಎರಡು ಸಲ ಒತ್ತಿದ ಹಾಗೆ ಆಗ್ತಿದೆ. ಉಳಿಸಬಹುದಾ?
– ಒಬ್ಬ ಓದುಗ, ವಿನೋಬನಗರ, ದಾವಣಗೆರೆ

ಉಳಿಸಬಹುದು. ಆದರೆ ಇವತ್ತು ಸರಿಹೋಗಿರಬಹುದಾ ಅಂತ ದಿನಾ ಒಂದ್ಸಲ ಆನ್ ಮಾಡಿ ನೋಡುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ನಿಮ್ಮ ಪತ್ರದಲ್ಲಿ ನನಗೆ ಕಂಡ ದೊಡ್ಡ ತಪ್ಪು ಟವೆಲ್ ಅಲ್ಲ, ಪ್ಲಗ್. ಪಯೋನೀರ್ ಡಿಡಿಜೆ-400, ಎಫ್‌ಎಲ್‌ಎಕ್ಸ್4 ಥರದ ಚಿಕ್ಕ ಕಂಟ್ರೋಲರ್‌ಗಳಿಗೆ ಬೇರೆ ಅಡಾಪ್ಟರ್ ಬೇಕಿಲ್ಲ. ಲ್ಯಾಪ್‌ಟಾಪಿನಿಂದ ಬರುವ ಯುಎಸ್‌ಬಿ ಕೇಬಲ್‌ನಲ್ಲೇ 5 ವೋಲ್ಟ್ ಬರುತ್ತದೆ. ನಿಮ್ಮದೂ ಅಂಥದ್ದೇ ಆಗಿದ್ದರೆ ನೀವು ಗೋಡೆಯಿಂದ ಕಿತ್ತದ್ದು ಲ್ಯಾಪ್‌ಟಾಪ್ ಚಾರ್ಜರ್ ಅಷ್ಟೇ. ಲ್ಯಾಪ್‌ಟಾಪ್ ತನ್ನ ಬ್ಯಾಟರಿ ಮೇಲೆ ಓಡುತ್ತಲೇ ಇತ್ತು, ಒದ್ದೆಯಾದ ಕಂಟ್ರೋಲರ್‌ಗೆ ಕರೆಂಟು ಹೋಗುತ್ತಲೇ ಇತ್ತು. ಆ ಹತ್ತು ನಿಮಿಷ ಅದಕ್ಕೆ ವಿಶ್ರಾಂತಿಯೇ ಸಿಗಲಿಲ್ಲ. ಮೊದಲು ಎಳೆಯಬೇಕಾದದ್ದು ಯುಎಸ್‌ಬಿ ಕೇಬಲ್. ಒಳಗೆ ಶಾರ್ಟ್ ಆದರೆ ಲ್ಯಾಪ್‌ಟಾಪಿನ ಪೋರ್ಟೂ ಹೋಗಬಹುದು, ಅದಕ್ಕೂ ಇದೇ ರಕ್ಷಣೆ.

ಇನ್ನು, ಅವತ್ತು ನಡೆದದ್ದು ಮಾರನೇ ದಿನ ಯಾಕೆ ಕೆಟ್ಟಿತು? ನೀರು ಬಿದ್ದ ಮಾತ್ರಕ್ಕೆ ಒಳಗಿನ ಸರ್ಕ್ಯೂಟ್ ಬೋರ್ಡ್ ಸಾಯುವುದಿಲ್ಲ. ಎಷ್ಟೋ ಕಾರ್ಖಾನೆಗಳಲ್ಲಿ ಬೆಸುಗೆ ಆದ ಮೇಲೆ ಬೋರ್ಡನ್ನು ತೊಳೆದೇ ಒಣಗಿಸುತ್ತಾರೆ. ಕೊಲ್ಲುವುದು ಒದ್ದೆ ಮತ್ತು ಕರೆಂಟಿನ ಜೋಡಿ. ಅಕ್ಕಪಕ್ಕದ ಎರಡು ತಾಮ್ರದ ಗೆರೆಗಳ ನಡುವೆ ಉಪ್ಪು, ಹುಳಿ ಇರುವ ನೀರು ನಿಂತು ಅದರಲ್ಲಿ ಕರೆಂಟು ಹರಿದರೆ ಒಂದು ಗೆರೆಯ ತಾಮ್ರ ಕರಗಿ ಸವೆಯುತ್ತಾ ಹೋಗುತ್ತದೆ. ಹಸಿರು, ಬಿಳಿ ಹುಡಿ ಕಟ್ಟುತ್ತದೆ. ಹಳೇ ಟಾರ್ಚಿನಲ್ಲಿ ಸೆಲ್ ಸೋರಿ ಸ್ಪ್ರಿಂಗ್ ಹಸಿರಾಗಿರುತ್ತಲ್ಲ, ಇದು ಅದರ ತಮ್ಮ. ಲಿಂಬು ಸೋಡಾದಲ್ಲಿ ಹುಳಿ ಇದೆ, ನಮ್ಮ ಜನ ಸಿಹಿ-ಉಪ್ಪು ಎರಡೂ ಹಾಕಿಸಿಕೊಳ್ಳುವುದರಿಂದ ಉಪ್ಪೂ ಇದೆ, ಸಕ್ಕರೆಯೂ ಇದೆ. ಅವತ್ತು ರಾತ್ರಿ ಸಕ್ಕರೆ ಇನ್ನೂ ನೀರಾಗಿತ್ತು, ಫೇಡರ್ ಜಾರುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ನೀರು ಆರಿ ಪಾಕವಾಯಿತು. ನಿಮ್ಮ ಕ್ರಾಸ್‌ಫೇಡರ್ ಈಗ ಎಳ್ಳುಂಡೆಯೊಳಗೆ ಸಿಕ್ಕಿಕೊಂಡ ಎಳ್ಳಿನ ಹಾಗಿದೆ.

ಈಗ ರಿಪೇರಿ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಮೊಬೈಲ್ ಬೋರ್ಡ್ ಕೆಲಸ ಗೊತ್ತಿರುವ ಯಾರಿಗಾದರೂ ಕೊಡಿ. ನೀವೇ ಮಾಡುವುದಾದರೆ ಕೇಳಿ. ನಾಬ್‌ಗಳನ್ನೂ ಫೇಡರ್ ತಲೆಗಳನ್ನೂ ನೇರ ಮೇಲಕ್ಕೆ ಎಳೆದರೆ ಬರುತ್ತವೆ. ತಳದ ಸ್ಕ್ರೂ ಬಿಚ್ಚಿ. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಇಲ್ಲದಿದ್ದರೆ ಆಮೇಲೆ ಯಾವ ಸ್ಕ್ರೂ ಎಲ್ಲಿಯದು ಅಂತ ಗೊತ್ತಾಗದೆ ಕೂರುತ್ತೀರಿ. ರಿಬ್ಬನ್ ಕೇಬಲ್‌ಗಳ ಸಾಕೆಟ್ಟಿಗೆ ಸಣ್ಣ ಚಿಲಕ ಇರುತ್ತದೆ, ಅದನ್ನು ಎತ್ತದೆ ಎಳೆದರೆ ಕಿತ್ತೇ ಹೋಗುತ್ತದೆ.

ಬೋರ್ಡ್ ಬೇರೆಯಾದ ಮೇಲೆ ಎಲ್ಲರೂ ಮಾಡುವುದು ಒಂದೇ, ಐಪಿಎ ಬಾಟಲಿ ಎತ್ತಿ ಸುರಿಯುವುದು. ಐಪಿಎ ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್, ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ. ಒಳ್ಳೆಯ ಸಾಮಾನೇ, ಆದರೆ ಸಕ್ಕರೆ ಅದರಲ್ಲಿ ಕರಗುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಒಂದು ಲೋಟದಲ್ಲಿ ಚಿಟಿಕೆ ಸಕ್ಕರೆ, ಎರಡು ಮುಚ್ಚಳ ಐಪಿಎ ಹಾಕಿ ಕಲಕಿ. ಸಕ್ಕರೆ ಮರಳಿನ ಹಾಗೆ ತಳದಲ್ಲೇ ಕೂತಿರುತ್ತದೆ. ಸಕ್ಕರೆಗೆ ನೀರೇ ಬೇಕು. ಅದೂ ಬೋರ್‌ವೆಲ್ ನೀರಲ್ಲ, ಅದು ಆರಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಬಾಟಲಿ ಮೇಲೆ ಓದಿ ತನ್ನಿ ಮಾರಾಯರೇ, ಅದೇ ಅಂಗಡಿಯಲ್ಲಿ ಆಸಿಡ್ಡೂ ಇರುತ್ತದೆ. ಡಿಸ್ಟಿಲ್ಡ್ ವಾಟರನ್ನು ಉಗುರುಬೆಚ್ಚಗೆ ಮಾಡಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಟು ಇರುವ ಕಡೆ ಎರಡು ಮೂರು ಸಲ ತೊಳೆಯಿರಿ. ಅಂಟು ಪೂರ್ತಿ ಹೋದ ಮೇಲೆ ಐಪಿಎ. 70 ಪರ್ಸೆಂಟಿನದ್ದಲ್ಲ, ಅದರಲ್ಲಿ ಉಳಿದ 30 ಭಾಗ ನೀರೇ. 99 ಪರ್ಸೆಂಟಿನದ್ದು ತನ್ನಿ. ಅದು ಸಂದಿಯಲ್ಲಿ ನಿಂತ ನೀರನ್ನು ಎಳೆದುಕೊಂಡು ಬೇಗ ಆರುತ್ತದೆ. ಬೇಗ ಹೊತ್ತಿಕೊಳ್ಳುತ್ತದೆ ಕೂಡ. ಕಿಟಕಿ ತೆಗೆದಿರಿ. ಊದುಬತ್ತಿ, ಬೀಡಿ, ಗ್ಯಾಸ್ ಒಲೆ ಯಾವುದೂ ಹತ್ತಿರ ಬೇಡ. ಡಿಸ್‌ಪ್ಲೇ ಇರುವ ಸಾಮಾನಾದರೆ ಆ ಡಿಸ್‌ಪ್ಲೇಯನ್ನು ನೆನೆಸಬೇಡಿ.

ಬೆರಳಲ್ಲಿ ತಟ್ಟುವ ಪ್ಯಾಡ್‌ಗಳ ರಬ್ಬರ್ ಹಾಳೆಯನ್ನು ಸೋಪಿನ ನೀರಿನಲ್ಲಿ ಅದ್ದಿ ತೊಳೆದು ಒಣಗಿಸಿ. ಕೆಳಗಿರುವ ಕಪ್ಪು ಚುಕ್ಕೆಗಳನ್ನು ಉಜ್ಜಬೇಡಿ, ಒತ್ತಿದಾಗ ಕರೆಂಟು ದಾಟಿಸುವುದು ಅವೇ. ಪ್ಲೇ ಬಟನ್ ಕೆಳಗಿರುವುದು ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡ ಸ್ವಿಚ್. ಒಳಗೆ ಸಕ್ಕರೆ ಹೋಗಿದ್ದರೆ ತೊಳೆದರೂ ಎರಡು ದಿನದಲ್ಲಿ ಮತ್ತೆ ಕೈಕೊಡುತ್ತದೆ, ಬದಲಾಯಿಸಿಬಿಡಿ. ಕ್ರಾಸ್‌ಫೇಡರ್‌ಗೂ ಇದೇ ಮಾತು. ಅದರೊಳಗೆ ಕಾರ್ಬನ್ ಪಟ್ಟಿಯ ಮೇಲೆ ಕೂದಲಿನಷ್ಟು ಸಣ್ಣ ಲೋಹದ ಬೆರಳುಗಳು ಜಾರುತ್ತಾ ಇರುತ್ತವೆ. ಅಲ್ಲಿ ಪಾಕ ಕೂತ ಮೇಲೆ ಸಾಹಸ ಮಾಡುವುದಕ್ಕಿಂತ ಹೊಸದು ಹಾಕುವುದೇ ಲೇಸು. ಇಡೀ ಸಾಮಾನಿನಲ್ಲಿ ಅಗ್ಗದ ಭಾಗಗಳಲ್ಲಿ ಅದೂ ಒಂದು, ಜಾಸ್ತಿ ಸವೆಯುವ ಭಾಗಗಳಲ್ಲೂ ಒಂದು.

ಒಣಗಿಸಲು ಟೇಬಲ್ ಫ್ಯಾನ್ ಸಾಕು. ಎರಡು ಪೂರ್ತಿ ದಿನ. ಬಿಸಿಲಿಗೆ ಇಡಬೇಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಫೇಡರ್ ತಲೆ, ಕೈಯಲ್ಲಿ ತಿರುಗಿಸುವ ದುಂಡನೆಯ ಜಾಗ್ ವೀಲ್ ಎಲ್ಲ ಸೊಟ್ಟಗಾಗುತ್ತವೆ. ಹೇರ್ ಡ್ರೈಯರ್ ಬಿಸಿಗಾಳಿಯೂ ಬೇಡ. ಆಮೇಲೆ ಜೋಡಿಸಿ ಸಾಫ್ಟ್‌ವೇರ್‌ನಲ್ಲಿ ನೋಡಿ. ಫೇಡರ್ ಅನ್ನು ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ಸರಿಸಿ. ಮಿಡಿ ಅಂದರೆ ಕಂಟ್ರೋಲರ್ ಲ್ಯಾಪ್‌ಟಾಪಿಗೆ ಸುದ್ದಿ ಕಳಿಸುವ ಭಾಷೆ. ಆ ಲೆಕ್ಕದಲ್ಲಿ ಫೇಡರ್ 0ಯಿಂದ 127ರ ತನಕ ಮೆಟ್ಟಿಲು ಹತ್ತಿದ ಹಾಗೆ ಹೋಗಬೇಕು. ನಡುವೆ 60ರಿಂದ 90ಕ್ಕೆ ನೆಗೆದರೆ ಇನ್ನೂ ಕೊಳೆ ಇದೆ ಅಂತ ಅರ್ಥ.

ಮುಂದಿನ ಸಲ ಚೆಲ್ಲಿದರೆ, ಕೇಬಲ್ ಎಳೆದ ಮೇಲೆ ಬಟ್ಟೆಯನ್ನು ಅಡ್ಡಡ್ಡ ಎಳೆದು ಒರೆಸಬೇಡಿ. ಹಾಗೆ ಮಾಡಿದರೆ ಮೇಲಿದ್ದದ್ದನ್ನು ನೀವೇ ಫೇಡರ್ ಸಂದಿಗೆ ತಳ್ಳಿದ ಹಾಗೆ. ಹತ್ತಿ ಬಟ್ಟೆ ಒತ್ತಿ ಹೀರಿಸಿ, ತಕ್ಷಣ ಕಂಟ್ರೋಲರ್ ಬೋರಲು ಹಾಕಿ. ಬಂದ ದಾರಿಯಲ್ಲೇ ಇಳಿದು ಹೋಗಲಿ. ಕಾರ್ಯಕ್ರಮಕ್ಕೆ? ಪೆನ್‌ಡ್ರೈವ್‌ನಲ್ಲೋ ಮೊಬೈಲಿನಲ್ಲೋ ಒಂದು ಗಂಟೆ ಹಾಡು, ಆಂಪ್ಲಿಗೆ ನೇರ ಹಾಕಲು ಒಂದು ಕೇಬಲ್. ಇಷ್ಟು ಬ್ಯಾಗಿನಲ್ಲಿ ಇದ್ದರೆ ಯಾವ ಮದುವೆಯೂ ನಿಲ್ಲುವುದಿಲ್ಲ. ಮದುಮಗನ ಗೆಳೆಯನ ಹತ್ತಿರ ದುಡ್ಡು ಕೇಳಬೇಕಾ ಅಂತ ನೀವು ಕೇಳಿಲ್ಲ. ಒಳ್ಳೆಯದೇ ಆಯಿತು, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸರ್, ಮಿಕ್ಸರ್‌ಗೆ ನೀರು ಬಿತ್ತು. ಅಕ್ಕಿ ಡಬ್ಬದಲ್ಲಿ ಮೂರು ದಿನ ಹೂತಿಟ್ಟಿದ್ದೇನೆ. ತೆಗೆಯಬಹುದಾ?
– ಚಳ್ಳಕೆರೆಯಿಂದ

ಈಗಲೇ ತೆಗೆಯಿರಿ. ಭದ್ರಾ ನಾಲೆಯ ಭತ್ತ ತಿಂದು ಬೆಳೆದವನು ನಾನು, ಅಕ್ಕಿಗೆ ಅವಮಾನ ಮಾಡುವ ಮನಸ್ಸಿಲ್ಲ. ಆದರೆ ಮುಚ್ಚಿದ ಡಬ್ಬದೊಳಗಿನ ಅಕ್ಕಿಗಿಂತ ಸುಮ್ನೆ ಬೀಸುವ ಗಾಳಿಯೇ ಬೇಗ ಒಣಗಿಸುತ್ತದೆ. ಅಕ್ಕಿಯ ಹಿಟ್ಟು, ನುಚ್ಚು ಫೇಡರ್ ಸಂದಿಗೆ ಇಳಿದರೆ ಇನ್ನೊಂದು ರಿಪೇರಿ. ಫ್ಯಾನ್ ಕೆಳಗೆ ಎರಡು ದಿನ ಇಟ್ಟು, ಒಳಗೆ ಅಕ್ಕಿ ಕಾಳು ಉಳಿದಿಲ್ಲ ಅಂತ ನೋಡಿಕೊಂಡು ಆನ್ ಮಾಡಿ. ಆ ಅಕ್ಕಿಯನ್ನು ಅನ್ನಕ್ಕೆ ಹಾಕಬೇಡಿ.

ಹೋದ ವರ್ಷ ನಮ್ಮ ಬಡಾವಣೆ ಗಣಪತಿ ವಿಸರ್ಜನೆಗೆ ಚಂದ್ರವಳ್ಳಿ ಕಡೆ ಹೋಗುವಾಗ ಮಳೆ ಬಂತು. ಟ್ರ್ಯಾಕ್ಟರ್ ಮೇಲಿದ್ದ ಆಂಪ್ಲಿ ರ‍್ಯಾಕ್‌ಗೆ ಪೂರ್ತಿ ತಾಡಪಾಲು ಸುತ್ತಿ ಹಗ್ಗ ಬಿಗಿದೆವು. ಒಂದು ಹನಿ ಒಳಗೆ ಹೋಗಿಲ್ಲ, ಆದರೂ ಅರ್ಧ ಗಂಟೆಯಲ್ಲಿ ಸೌಂಡ್ ಬಂದ್. ಈ ಸಲ ಏನು ಮಾಡೋಣ?
– ಗೆಳೆಯರ ಬಳಗವೊಂದರ ಪರವಾಗಿ, ಚಿತ್ರದುರ್ಗ

ಮೊದಲು ಈ ಸಲ ಡಿಜೆಗೆ ಅನುಮತಿ ಇದೆಯಾ ಕೇಳಿಕೊಳ್ಳಿ. ಇದ್ದರೂ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕಬಾರದು ಅನ್ನುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಅಷ್ಟು ಹೇಳಿ ನನ್ನ ಕೆಲಸಕ್ಕೆ ಬರುತ್ತೇನೆ.

ನಿಮ್ಮ ಆಂಪ್ಲಿಗೆ ನೀರು ಕುಡಿಸಲಿಲ್ಲ ನಿಜ, ಉಸಿರು ಕಟ್ಟಿಸಿದಿರಿ. ಅದರ ಫ್ಯಾನ್ ತಣ್ಣನೆ ಗಾಳಿ ಎಳೆದು ಬಿಸಿ ಗಾಳಿ ಹೊರಗೆ ಹಾಕಬೇಕು. ಕಂಬಳಿ ಹೊದಿಸಿದರೆ ಅದೇ ಬಿಸಿಗಾಳಿ ಸುತ್ತುತ್ತದೆ. ಬಿಸಿ ಮಿತಿ ಮೀರಿದಾಗ ಒಳಗಿನ ಪ್ರೊಟೆಕ್ಷನ್ ತಾನೇ ಬಂದ್ ಮಾಡಿದೆ. ಅದು ಕೆಟ್ಟದ್ದಲ್ಲ, ಬುದ್ಧಿ ಉಪಯೋಗಿಸಿದ್ದು.

ತಾಡಪಾಲು ಸುತ್ತಬೇಡಿ, ಸೂರು ಕಟ್ಟಿ. ನಾಲ್ಕು ಪೈಪ್ ನಿಲ್ಲಿಸಿ, ಮೇಲೆ ಒಂದು ಕಡೆಗೆ ಇಳಿಜಾರು ಕೊಟ್ಟು ತಾಡಪಾಲು ಎಳೆಯಿರಿ. ಆಂಪ್ಲಿಯ ಹಿಂದೆ ಮುಂದೆ ತೆರೆದಿರಲಿ. ನಿಮ್ಮ ದುರ್ಗದ ಗಾಳಿ ಗೊತ್ತಲ್ಲ, ಬೆಟ್ಟದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಅದು. ಹಗ್ಗ ಎರಡು ಸುತ್ತು ಜಾಸ್ತಿಯೇ ಇರಲಿ.

ಮಳೆಯಲ್ಲಿ ನನಗೆ ಸಾಮಾನಿಗಿಂತ ಹುಡುಗರ ಚಿಂತೆ. ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಟ್ರೈಲರ್ ತಳದಲ್ಲಿ ಬಿಡಬೇಡಿ, ನೀರು ನಿಲ್ಲುವುದೇ ಅಲ್ಲಿ. ಎದೆಮಟ್ಟಕ್ಕೆ ಕಟ್ಟಿ. ಪ್ಲಗ್ಗಿಗೆ ಹೋಗುವ ವೈರ್ ಒಂದು ಗೇಣು ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಹೋಗಲಿ. ಆಗ ವೈರ್ ಹಿಡಿದು ಬರುವ ನೀರು ಆ ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಜನರೇಟರ್ ಮತ್ತು ನಿಮ್ಮ ಬೋರ್ಡಿನ ನಡುವೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅನ್ನುವ ಸುರಕ್ಷತಾ ಸ್ವಿಚ್ ಹಾಕಿಸಿ. ಕರೆಂಟು ದಾರಿ ತಪ್ಪಿ ಮೈಯೊಳಗೆ ಇಳಿಯತೊಡಗಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಜನರೇಟರ್‌ನಲ್ಲಿ ನ್ಯೂಟ್ರಲ್-ಅರ್ತ್ ಸರಿಯಾಗಿ ಕೂಡಿಸದಿದ್ದರೆ ಆರ್‌ಸಿಸಿಬಿ ಇದ್ದೂ ಸತ್ತ ಹಾಗೆ, ಆದ್ದರಿಂದ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ, ಟೆಸ್ಟ್ ಬಟನ್ ಒತ್ತಿ ನೋಡಿ. ಮತ್ತೆ, ನೆನೆದ ಆಂಪ್ಲಿಯನ್ನು ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟು ಕೂತಿರುತ್ತದೆ. ನನ್ನ ಹೆಬ್ಬೆರಳ ಮೇಲೆ ಅದರ ಗುರುತು ಇನ್ನೂ ಇದೆ.

ಆಯುಧ ಪೂಜೆ ದಿನ ನಮ್ಮಮ್ಮ ಮಿಕ್ಸರ್‌ಗೆ ವಿಭೂತಿ, ಕುಂಕುಮ ಹಚ್ಚಿ, ಅದರ ಮುಂದೆ ತೆಂಗಿನಕಾಯಿ ಒಡೆದು, ಕಾಯಿನೀರನ್ನು ಎಲ್ಲಕ್ಕೂ ಚಿಮುಕಿಸಿದ್ರು. ಎರಡು ಚಾನೆಲ್ ಕರಕರ ಅಂತಿದೆ. ಅಮ್ಮನಿಗೆ ಹೇಳೋಕೆ ಆಗ್ತಿಲ್ಲ.
– ಹರಿಹರದಿಂದ

ಪ್ರತಿ ದಸರಾ ಆದ ಮೇಲೆ ನನ್ನ ಅಂಗಡಿಗೆ ಇಂಥ ನಾಲ್ಕೈದು ಭಕ್ತ ಮಿಕ್ಸರ್‌ಗಳು ಬರುತ್ತವೆ. ಕಾಯಿನೀರು ಸಾದಾ ನೀರಲ್ಲ. ಅದರಲ್ಲಿ ಪೊಟ್ಯಾಸಿಯಂ ಲವಣ ಇದೆ, ಸಕ್ಕರೆ ಇದೆ. ಕುಡಿದವರಿಗೆ ಯಾವುದು ಒಳ್ಳೆಯದೋ ಬೋರ್ಡಿಗೆ ಅದೇ ಕೆಟ್ಟದ್ದು. ವಿಭೂತಿ ನುಣ್ಣನೆಯ ಪುಡಿ, ಒದ್ದೆಯ ಜೊತೆ ಸೇರಿದರೆ ಫೇಡರ್‌ನಲ್ಲಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ನಾಲ್ಕು ಹನಿ ಬಿದ್ದಿದ್ದರೆ ಬಿಚ್ಚಿ, ಪುಡಿಯನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ, ಆಮೇಲೆ ಮೇಲೆ ಹೇಳಿದ ಹಾಗೆ ನೀರು, ಐಪಿಎ. ಗುಡಿಸದೆ ನೀರು ಹಾಕಿದರೆ ಕೆಸರಾಗುತ್ತದೆ.

ಅಮ್ಮನಿಗೆ ಏನೂ ಹೇಳಬೇಡಿ. ಮುಂದಿನ ವರ್ಷ ಮಿಕ್ಸರ್‌ಗೆ ಮುಚ್ಚಳ ಹಾಕಿ ಪೂಜೆಗೆ ಇಡಿ, ಅಷ್ಟೇ. ಡೆಕ್‌ಸೇವರ್ ಅಂತ ಮಾಡೆಲ್‌ಗೆ ತಕ್ಕ ಗಟ್ಟಿ ಮುಚ್ಚಳ ಸಿಗುತ್ತದೆ. ದುಬಾರಿ ಅನಿಸಿದರೆ ಬೋರ್ಡ್ ಬರೆಯುವ ಅಂಗಡಿಯಲ್ಲಿ ಅಳತೆ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ. ನಾನು ಅದನ್ನೇ ಮಾಡಿಸಿದ್ದೇನೆ. ಆ ಅಕ್ರಿಲಿಕ್ಕನ್ನು ಮಾತ್ರ ಐಪಿಎಯಿಂದ ಒರೆಸಬೇಡಿ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸೋಪಿನ ನೀರು ಸಾಕು. ಹಾಡು ಇಲ್ಲದ ಹೊತ್ತಿನಲ್ಲಿ, ಊಟದ ವಿರಾಮದಲ್ಲಿ ಮುಚ್ಚಳ ಮೇಲೆ ಇರಲಿ. ನಾನು ನೋಡಿದ ಹಾಗೆ ಜಾಸ್ತಿ ಚೆಲ್ಲುವುದು ಹಾಡುವಾಗಲ್ಲ, ಡಿಜೆ ಊಟಕ್ಕೆ ಎದ್ದು ಹೋದಾಗ.

ಕರಕರ ಅನ್ನುವ ಫೇಡರ್‌ಗೆ ಒಬ್ಬರು ತುಕ್ಕು ಬಿಡಿಸುವ ಸ್ಪ್ರೇ ಹೊಡೆದುಕೊಟ್ಟರು. ಒಂದು ವಾರ ಬೆಣ್ಣೆ ಥರ ಇತ್ತು. ಈಗ ಮೊದಲಿಗಿಂತ ಹಾಳು.
– ಹೊಳಲ್ಕೆರೆಯಿಂದ

ಗೇಟಿನ ಕೀಲಿಗೆ ಹೊಡೆಯುವುದನ್ನು ಫೇಡರ್‌ಗೆ ಹೊಡೆದರೆ ಹೀಗೇ. ಅದು ಒಳಗಿದ್ದ ಗ್ರೀಸ್ ತೊಳೆದು, ತನ್ನ ಎಣ್ಣೆ ಬಿಟ್ಟು ಹೋಗುತ್ತದೆ. ಆ ಎಣ್ಣೆ ಧೂಳು ಹಿಡಿಯುತ್ತದೆ. ಫೇಡರ್‌ಗೆ ಅಂತಲೇ ಬರುವ ಕ್ಲೀನರ್ ಬೇರೆ ಇದೆ, ಡಿಆಕ್ಸಿಟ್ ಎಫ್5 ಥರದ್ದು. ತೊಟ್ಟು ಹಾಕಿ ಇಪ್ಪತ್ತು ಸಲ ಆಚೀಚೆ ಆಡಿಸಬೇಕು. ನಿಮ್ಮದಕ್ಕೆ ಹೊಸ ಫೇಡರ್.

ಹಾಸ್ಟೆಲ್‌ನಲ್ಲಿ ಪ್ರಾಕ್ಟೀಸ್ ಮಾಡುವಾಗ ಲ್ಯಾಪ್‌ಟಾಪ್ ಕೀಬೋರ್ಡ್ ಮೇಲೆ ಹಾಲಿನ ಟೀ ಬಿತ್ತು. ಆಫ್ ಆಗಿದೆ. ಹಾಡೆಲ್ಲಾ ಅದರಲ್ಲೇ ಇದೆ. ವಾರಂಟಿ ಇನ್ನೂ ನಾಲ್ಕು ತಿಂಗಳಿದೆ, ತಾನಾಗೇ ಆಫ್ ಆಯ್ತು ಅಂದ್ರೆ ಗೊತ್ತಾಗುತ್ತಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಗೊತ್ತಾಗುತ್ತದೆ ತಮ್ಮಾ. ಎಷ್ಟೋ ಲ್ಯಾಪ್‌ಟಾಪ್‌ಗಳ ಒಳಗೆ ಒದ್ದೆಯಾದರೆ ಬಣ್ಣ ಬದಲಾಗುವ ಚುಕ್ಕೆ ಅಂಟಿಸಿರುತ್ತಾರೆ. ಅದಿಲ್ಲದಿದ್ದರೂ ಹಾಲಿನ ವಾಸನೆ ಸುಳ್ಳು ಹೇಳುವುದಿಲ್ಲ. ಸಾಮಾನ್ಯವಾಗಿ ಚೆಲ್ಲಿದ್ದಕ್ಕೆ ವಾರಂಟಿ ಬರುವುದಿಲ್ಲ. ನಿಜ ಹೇಳಿದರೆ ರಿಪೇರಿಯವರಿಗೆ ಎಲ್ಲಿ ತೊಳೆಯಬೇಕು ಅಂತಾದರೂ ಗೊತ್ತಾಗುತ್ತದೆ.

ಚಾರ್ಜರ್ ಹಾಕಬೇಡ. ಪವರ್ ಬಟನ್ ಮುಟ್ಟಬೇಡ. ಎಲ್ಲಾ ಕೇಬಲ್ ತೆಗೆದು, ಕೀಬೋರ್ಡ್ ಕೆಳಮುಖವಾಗಿ ಗುಡಾರದ ಹಾಗೆ ನಿಲ್ಲಿಸಿ ಇವತ್ತೇ ರಿಪೇರಿಗೆ ಒಯ್ಯಿ. ಅವರು ಮೊದಲು ಮಾಡಬೇಕಾದದ್ದು ಒಳಗಿನ ಬ್ಯಾಟರಿ ಕಳಚುವುದು. ಹಾಡುಗಳು ಬಹುಶಃ ಕ್ಷೇಮ. ಎಸ್‌ಎಸ್‌ಡಿ, ಅಂದರೆ ಹಾಡು ಕೂತಿರುವ ಒಳಗಿನ ಡಿಸ್ಕ್, ಬಿಚ್ಚಲು ಬರುವಂಥದ್ದಾದರೆ ಅದನ್ನು ತೆಗೆದು ಬೇರೆ ಕಡೆ ಹಾಕಿ ಓದಬಹುದು. ಸಿಕ್ಕ ದಿನವೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಕೋ.

ಇಷ್ಟೆಲ್ಲಾ ಹೇಳ್ತೀರಲ್ಲ, ನೀವು ಯಾವತ್ತೂ ಚೆಲ್ಲಿಲ್ವಾ?
– ನಿಮ್ಮ ಅಂಗಡಿ ಗೊತ್ತಿರುವ ಒಬ್ಬ

ಬರಹ ನೋಡಿದರೆ ನೀನು ಯಾರು ಅಂತ ನನಗೂ ಗೊತ್ತು.

ಚೆಲ್ಲಿದ್ದೇನೆ. ಜಗಳೂರು ಕಡೆಯ ಹುಡುಗನೊಬ್ಬ ಸಾಲ ಮಾಡಿ ತಂದ ಮಿಕ್ಸರ್ ಅದು. ಬರೀ ಒಂದು ಸಾಕೆಟ್ ಸಡಿಲ ಅಂತ ತಂದಿದ್ದ. ಮಳೆ ಸಂಜೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು, ಹಿಂದೆಯೇ ಟೀ. ಗ್ಲಾಸನ್ನು ಬೆಸುಗೆ ಕಡ್ಡಿ ಸ್ಟ್ಯಾಂಡಿನ ಪಕ್ಕ ಇಟ್ಟೆ. ಬಜ್ಜಿ ಖಾರಕ್ಕೆ ಕಣ್ಣಲ್ಲಿ ನೀರು, ಕೈ ಟವೆಲ್ಲಿಗೆ ಹೋಯಿತು, ಮೊಣಕೈ ಗ್ಲಾಸಿಗೆ ತಗುಲಿತು. ಅರ್ಧ ಗ್ಲಾಸ್ ಟೀ, ಮೂರು ಫೇಡರ್ ಮೇಲೆ. ಮಿಕ್ಸರ್ ಆನ್ ಇತ್ತು ಬೇರೆ.

ಪ್ಲಗ್ ಕಿತ್ತೆ, ಬೋರಲು ಹಾಕಿದೆ, ರಾತ್ರಿ ಹನ್ನೊಂದರ ತನಕ ತೊಳೆದೆ. ಮೂರು ಫೇಡರ್ ನನ್ನ ಖರ್ಚಿನಲ್ಲಿ ತರಿಸಿ ಹಾಕಿದೆ. ಹುಡುಗನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ, ಒಂದೊಂದು ಫೇಡರ್ ಅನ್ನೂ ಹತ್ತು ಹತ್ತು ಸಲ ಆಡಿಸಿ ನೋಡಿ ತಗೊಂಡು ಹೋದ.

ಈಗ ನನ್ನ ಟೀ ಗ್ಲಾಸಿಗೆ ಜಾಗ ಕಿಟಕಿ ಕಟ್ಟೆ. ಪ್ರೋಗ್ರಾಂಗೆ ಹೋದರೂ ಅಷ್ಟೇ, ಕುಡಿಯುವುದಕ್ಕೆ ಟೇಬಲ್ಲಿಗಿಂತ ಕುಳ್ಳಗಿನ ಒಂದು ಸ್ಟೂಲ್ ಬೇರೆ ಇಡಿಸುತ್ತೇನೆ. ಕೆಳಗೆ ಇಟ್ಟದ್ದು ಚೆಲ್ಲಿದರೆ ನೆಲಕ್ಕೆ ಹೋಗುತ್ತದೆ. ಆ ಜಗಳೂರಿನ ಹುಡುಗ ಈಗಲೂ ಬರುತ್ತಾನೆ. ಬಂದವನು ಮಿಕ್ಸರ್ ಕಂಕುಳಲ್ಲೇ ಇಟ್ಟುಕೊಂಡು ಮೊದಲು ನನ್ನ ಟೇಬಲ್ ಮೇಲೆಲ್ಲಾ ಕಣ್ಣಾಡಿಸುತ್ತಾನೆ. "ಟೀ ಕುಡ್ದಾಯ್ತೇನಣ್ಣಾ?" ಅಂತ ಕೇಳುತ್ತಾನೆ. ಆಯಿತು ಅಂದ ಮೇಲೆಯೇ ಕೆಳಗೆ ಇಡುವುದು.